ಟೀ ಕೊಡುವ ಮನೆ

ನನ್ನ ಹೆಸರು ಕೇಳಿದವರಿಗೆ ನಾನು ಮೊದಲು ಬೀದಿಯ ಹೆಸರು ಹೇಳುತ್ತಿದ್ದೆ, ಆಮೇಲೆ ನನ್ನದು. ಧನಂಜಯ ಪಡಿವಾಳ, ಸುಂಕದ ಕಚೇರಿಯಲ್ಲಿ ಹೆಡ್ ಗುಮಾಸ್ತ ಎಂದರೆ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಪಡುಬೀದಿ ಎಂದ ಕೂಡಲೇ ಎದುರಿಗಿದ್ದವರು ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಾರೆಂದು ಬಹಳ ವರ್ಷ ನಂಬಿದ್ದೆ. ಈಗ ನೆನೆಸಿಕೊಂಡರೆ, ಅವರಲ್ಲಿ ಎಷ್ಟೋ ಜನ ಸೆಖೆಗೆ ಗುಂಡಿ ಬಿಚ್ಚಿಕೊಳ್ಳುತ್ತಿದ್ದರು ಅನ್ನಿಸುತ್ತದೆ.

ಪಡುಬೀದಿಯೆಂದರೆ ಹಳೆ ಕೋಟೆಯಿಂದ ದೀಪಸ್ತಂಭದವರೆಗೆ ಕಡಲಿಗೆ ಮುಖಮಾಡಿ ನಿಂತ ಇಪ್ಪತ್ಮೂರು ಮನೆಗಳು. ಒಂದೊಂದಕ್ಕೂ ಮುನ್ನೂರು ವರ್ಷ. ದಿನಾ ಸಂಜೆ ಸೂರ್ಯ ನೀರಿನಿಂದ ಒಂದು ತೆಂಗಿನಮರದಷ್ಟು ಎತ್ತರಕ್ಕೆ ಇಳಿಯುತ್ತಿದ್ದಂತೆ ಈ ಮನೆಗಳ ಕಡಲ ಕಡೆಯ ಗೋಡೆ ಬಾವಿಯ ನೀರಿನ ಹಾಗೆ ತಿಳಿಯಾಗುತ್ತದೆ. ಅಂದರೆ, ನೀರಿನ ಮೇಲಿರುವವರಿಗೆ ಹಾಗೆ. ಒಳಗಿರುವ ನಮಗೆ ಅದು ಯಾವತ್ತಿನ ಗೋಡೆಯೇ. ಅದೇ ಸುಣ್ಣ, ಅದೇ ಹಲ್ಲಿ, ಅದೇ ಕ್ಯಾಲೆಂಡರು. ಸೂರ್ಯ ಮುಳುಗುವತನಕ ಸುಮಾರು ಇಪ್ಪತ್ತೈದು ನಿಮಿಷ ನಮ್ಮ ಮುಂಗೋಣೆಗಳು ಕಡಲಿಗೆ ಬಿಟ್ಟಿದ್ದು. ಅದನ್ನು ನೋಡಲೆಂದೇ ಪರವೂರುಗಳಿಂದ ಜನ ಬರುತ್ತಾರೆ. ಕೋಟೆಯ ಬುಡದಲ್ಲಿ ದೋಣಿ ಕಟ್ಟುವ ಧಕ್ಕೆಯಿಂದ ಹಾಯಿದೋಣಿ ಹೊರಡುತ್ತದೆ, ಗಂಟೆ ಬಾರಿಸುತ್ತ ನಿಧಾನಕ್ಕೆ ದೀಪಸ್ತಂಭದವರೆಗೆ ಹೋಗಿ ಕತ್ತಲಾಗುವ ಮೊದಲು ವಾಪಸಾಗುತ್ತದೆ.

ಜನ ಯಾವುದಕ್ಕೂ ಹೊಂದಿಕೊಳ್ಳುತ್ತಾರೆ. ನಮ್ಮ ಬೀದಿಯಲ್ಲಿ ಜಗಳ ತೆಗೆಯುವವರು ನಾಲ್ಕೂವರೆಗೆ ಶುರುಮಾಡಿ ಐದೂಮುಕ್ಕಾಲಿಗೆ ನಿಲ್ಲಿಸುತ್ತಾರೆ, ಮಿಕ್ಕದ್ದನ್ನು ದೀಪ ಹಚ್ಚಿದ ಮೇಲೆ ಮುಂದುವರಿಸುತ್ತಾರೆ. ಮುಂಗೋಣೆಯಲ್ಲಿ ಯಾರೂ ಬಟ್ಟೆ ಒಣಹಾಕುವುದಿಲ್ಲ. ಕಡಲ ಗೋಡೆಗೆ ಬೀರು ತಾಗಿಸಿ ನಿಲ್ಲಿಸಬಾರದೆಂದು ಪಡುಬೀದಿ ಸಮಿತಿಯ ನಿಯಮವೇ ಇದೆ. ಎಡಪಕ್ಕದ ವಕೀಲರ ಮನೆಯಲ್ಲಿ ಎಂಟು ಜನ ರೇಷ್ಮೆ ಉಟ್ಟು ಸಾಲಾಗಿ ಎಲೆಯ ಮುಂದೆ ಕೂತು ಉಣ್ಣುತ್ತಾರೆ. ನಿಜವಾದ ಊಟ ರಾತ್ರಿ ಅಡುಗೆಮನೆಯಲ್ಲಿ, ಹರಕು ಬನಿಯನ್ನಿನಲ್ಲಿ. ಬಲಪಕ್ಕದ ನಿವೃತ್ತ ಕಂಪೌಂಡರು ಹೆಂಡತಿಯ ಜೊತೆ ಪಗಡೆ ಆಡುತ್ತಾರೆ, ಸಂಜೆಯ ಹೊತ್ತು ಹೆಂಡತಿಯೇ ಗೆಲ್ಲುವುದು ಎಂದು ಅವರಲ್ಲಿ ಒಪ್ಪಂದ. ಆ ಹೊತ್ತಿಗೆ ನೆಂಟರು ಬಂದರೆ ಅವರನ್ನೂ ತಲೆ ಬಾಚಿಸಿ ಒಂದು ಕಡೆ ಕೂರಿಸುತ್ತೇವೆ. ಮನೆ ಖಾಲಿ ಬಿಟ್ಟು ಹೊರಗೆ ಹೋಗುವುದು ಮರ್ಯಾದೆಗೇಡು. ಅದಕ್ಕಿಂತ ದೊಡ್ಡ ಮರ್ಯಾದೆಗೇಡು ದೋಣಿ ಹತ್ತುವುದು. ಹೆಣ್ಣು ನೋಡಲು ಬಂದವರ ಸಾಲಿನಲ್ಲಿ ಹೆಣ್ಣೇ ಹೋಗಿ ಕೂತ ಹಾಗೆ.

ನಮ್ಮ ಮನೆಯ ದೃಶ್ಯವನ್ನು ಕಟ್ಟಿದವನು ನಾನೇ. ನನ್ನ ಹೆಂಡತಿ ವಿಮಲಾವತಿ ಮದುವೆಯಾಗಿ ಈ ಮನೆಗೆ ಬಂದ ಮೂರನೇ ದಿನವೇ ಅವಳಿಗೆ ಅದನ್ನು ಹೇಳಿಕೊಟ್ಟೆ. ಬೀಟೆ ಮರದ ಕುರ್ಚಿಯಲ್ಲಿ ನಾನು, ತೊಡೆಯ ಮೇಲೆ ಚರ್ಮದ ರಟ್ಟಿನ ದಪ್ಪ ಪುಸ್ತಕ. ಕಚೇರಿಯಿಂದ ತಂದ ಉಪ್ಪಿನ ಸುಂಕದ ನಿಯಮಾವಳಿ ಅದು, ಆದರೆ ಅಷ್ಟು ದೂರದಿಂದ ಯಾರಿಗೆ ಗೊತ್ತಾಗುತ್ತದೆ. ಎದುರಿಗೆ ಚಾಪೆಯ ಮೇಲೆ ಅವಳು, ಮಡಿಲಲ್ಲಿ ವೀಣೆ. ಅವಳಿಗೆ ವೀಣೆ ಬರುವುದಿಲ್ಲ, ವೀಣೆಗೂ ಎರಡು ತಂತಿ ಇಲ್ಲ. ನೀರಿಗೆ ಸದ್ದು ಕೇಳಿಸುವುದಿಲ್ಲವಾದ್ದರಿಂದ ಬೆರಳಾಡಿಸಿದರೆ ಸಾಕಿತ್ತು. ನಾಲ್ಕು ನಿಮಿಷಕ್ಕೊಮ್ಮೆ ನಾನು ತಲೆಯೆತ್ತಿ, ಏನೋ ದೊಡ್ಡದು ಹೊಳೆದವನ ಹಾಗೆ ಮೂರು ಬೆರಳನ್ನು ಕಪೋಲಕ್ಕೆ ಹಚ್ಚುತ್ತಿದ್ದೆ. ಮಾತಾಡುವಂತಿರಲಿಲ್ಲ. ತುಟಿ ಅಲ್ಲಾಡಿದರೆ ಜಗಳದಂತೆ ಕಾಣುತ್ತದೆಂದು ನನ್ನ ಭಯ. ಅವಳ ಬೆರಳು ನಿಂತರೆ ಮಾತ್ರ ಹಲ್ಲಿನ ಸಂದಿಯಿಂದ ಎಚ್ಚರಿಸುತ್ತಿದ್ದೆ. ಹೀಗೆ ಹತ್ತೊಂಬತ್ತು ವರ್ಷ. ಪ್ರತಿವರ್ಷ ಸಮಿತಿಯವರು ಅತ್ಯುತ್ತಮ ಮನೆಗೆ ಹಿತ್ತಾಳೆಯ ಫಲಕ ಕೊಡುತ್ತಾರೆ, ನಮಗೆ ಒಮ್ಮೆಯೂ ಬರಲಿಲ್ಲ. ಅದರ ಹಿಂದೆ ವಕೀಲರ ಕೈವಾಡವಿದೆ ಎಂದು ನಾನು ಖಚಿತವಾಗಿ ನಂಬಿದ್ದೆ.

ಹೋದ ಮಾಘದಲ್ಲಿ ಒಂದು ಬೆಳಿಗ್ಗೆ ವಿಮಲಾವತಿ ಬಟಾಣಿ ಸುಲಿಯುತ್ತ, ತಾನು ಒಳಕೇರಿಯಲ್ಲಿ ಜಾಗ ನೋಡಿಕೊಂಡು ಬಂದಿದ್ದೇನೆ ಎಂದಳು. ಒಳಕೇರಿಯೆಂದರೆ ನಮ್ಮ ಬೀದಿಯ ಬೆನ್ನಿಗಿರುವ ಗಲ್ಲಿಗಳು. ಅಲ್ಲಿಂದ ಕಡಲು ಕಾಣುವುದಿಲ್ಲ, ಕಡಲಿಗೆ ಅವರೂ ಕಾಣುವುದಿಲ್ಲ. ಅಲ್ಲಿ ಗೋಡೆ ಇಡೀ ದಿನ ಗೋಡೆಯಾಗಿಯೇ ಇರುತ್ತದೆಯಂತೆ. ನಾನು ಮೊದಲು ನಕ್ಕೆ. ಆಮೇಲೆ ನನ್ನ ಅಜ್ಜನ ವಿಷಯ, ಮುನ್ನೂರು ವರ್ಷದ ವಿಷಯ, ಪಡುಬೀದಿಯ ಮನೆ ಸಿಗಲಿ ಎಂದು ಸಮಿತಿಯ ಬಾಗಿಲಲ್ಲಿ ಕಾದು ನಿಂತಿರುವ ಮೂರು ಕುಟುಂಬಗಳ ವಿಷಯ ಎತ್ತಿ ಅರ್ಧ ಗಂಟೆ ಭಾಷಣ ಬಿಗಿದೆ. ಅವಳು ಅಷ್ಟೂ ಕೇಳಿದಳು. ಕೇಳಿ, ತಾನು ಹೋಗುವುದು ಹೋಗುವುದೇ, ಇನ್ನು ಸಂಜೆ ಚಾಪೆಯ ಮೇಲೆ ಕೂರಲು ತನ್ನಿಂದಾಗದು, ನೀವು ಬೇಕಾದರೆ ಕುರ್ಚಿಯ ಜೊತೆ ಇಲ್ಲೇ ಇರಿ ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸಬಹುದಿತ್ತು, ಗೆಲ್ಲಲೂಬಹುದಿತ್ತು.

ಕೊನೆಗೆ ನನ್ನ ಬತ್ತಳಿಕೆಯ ಒಂದೇ ಒಂದು ಬಾಣ ಬಿಟ್ಟೆ. ನಾವು ಹೊರಗಿನಿಂದ ಎಷ್ಟು ಚೆಂದ ಕಾಣುತ್ತೇವೆಂದು ನೀನು ನೋಡಿದ್ದರೆ ಈ ಮಾತು ಆಡುತ್ತಿರಲಿಲ್ಲ ಎಂದೆ.

"ನೀವು ನೋಡಿದ್ದೀರಾ?" ಎಂದು ಕೇಳಿದಳು.

ನಾನು ಬಟಾಣಿಯ ಬುಟ್ಟಿ ನೋಡಿದೆ. ಅವಳೇ ಮುಂದುವರಿಸಿದಳು. "ಇವತ್ತು ಹೋಗಿ ನೋಡ್ಕೊಂಡು ಬನ್ನಿ. ಮನೆ ಖಾಲಿ ಬಿಡಲ್ಲ, ನಾನಿರ್ತೀನಿ. ನೋಡಿ ಬಂದ ಮೇಲೆ ಮಾತಾಡೋಣ."

ಗೆದ್ದೆ ಅಂದುಕೊಂಡೆ. ನೋಡಿ ಬರುತ್ತೇನೆ, ಕಂಡದ್ದನ್ನು ಒಂದೊಂದಾಗಿ ಬಣ್ಣಿಸುತ್ತೇನೆ, ಅವಳ ಕಣ್ಣಲ್ಲಿ ನೀರು ಬರುತ್ತದೆ, ಒಳಕೇರಿ ಅಲ್ಲಿಗೆ ಮುಗಿಯುತ್ತದೆ. ಇದು ನನ್ನ ಲೆಕ್ಕಾಚಾರ. ಕಚೇರಿಗೆ ಅರ್ಧ ದಿನ ರಜೆ ಹಾಕಿ, ಯಾರೂ ಗುರುತು ಹಿಡಿಯದಿರಲೆಂದು ಸಂತೆಪೇಟೆಯಲ್ಲಿ ಅಗಲ ಅಂಚಿನ ಹುಲ್ಲಿನ ಟೋಪಿ, ಕಪ್ಪು ಕನ್ನಡಕ, ಹೂವಿನ ಚಿತ್ತಾರದ ಅಂಗಿ ಕೊಂಡೆ. ಕನ್ನಡಿಯಲ್ಲಿ ನೋಡಿಕೊಂಡರೆ ರಜೆಯ ಮೇಲೆ ಬಂದ ಬ್ಯಾಂಡ್ ಮಾಸ್ಟರನ ಹಾಗಿದ್ದೆ. ಹೊರಡುವಾಗ ವಿಮಲಾವತಿಗೆ ವೀಣೆ ಸ್ವಲ್ಪ ಎಡಕ್ಕೆ ವಾಲಲಿ, ಬೆರಳು ನಿಲ್ಲದಿರಲಿ ಎಂದು ಸೂಚನೆ ಕೊಟ್ಟೆ. ಅವಳು ನನ್ನ ಅಂಗಿಯನ್ನು ಮೇಲಿಂದ ಕೆಳಗೆ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ದೋಣಿಯಲ್ಲಿ ಹದಿನೈದು ಜನರಿದ್ದರು. ಚುಕ್ಕಾಣಿ ಹಿಡಿಯುವುದೂ ವಿವರಣೆ ಕೊಡುವುದೂ ಲಾದ್ರು ಎಂಬ ನಲವತ್ತರ ಆಸಾಮಿ. ಅವನ ಅಪ್ಪನೂ ಇದೇ ಕೆಲಸ ಮಾಡುತ್ತಿದ್ದ. ನಾನು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಮುಂದಿನ ಹಲಗೆಯ ಮೇಲೆ ಕೂತೆ. ಪಕ್ಕದಲ್ಲಿ ಒಬ್ಬ ಹೆಂಗಸು, ದೂರದ ಬಯಲುಸೀಮೆಯಿಂದ ಬಂದ ಶಾಲಾ ಟೀಚರಂತೆ. ಕೈಯಲ್ಲಿ ದುರ್ಬೀನು. ಹಾಯಿ ಗಾಳಿ ತುಂಬಿಕೊಂಡು ದೋಣಿ ಧಕ್ಕೆ ಬಿಟ್ಟಿತು. ಕೋಟೆಯ ಬುರುಜು, ಹಳೆಯ ಉಗ್ರಾಣ, ನಮ್ಮ ಸುಂಕದ ಕಚೇರಿ ಒಂದೊಂದಾಗಿ ಹಿಂದೆ ಸರಿದವು. ನನ್ನ ಕಚೇರಿಯ ಕಿಟಕಿ ಅಷ್ಟು ಚಿಕ್ಕದೆಂದು ನನಗೆ ಅವತ್ತೇ ಗೊತ್ತಾದದ್ದು. ಸೂರ್ಯ ತಕ್ಕ ಎತ್ತರಕ್ಕೆ ಇಳಿದ. ಲಾದ್ರು ಗಂಟೆ ಬಾರಿಸಿದ. ಇಪ್ಪತ್ಮೂರು ಗೋಡೆಗಳೂ ಒಟ್ಟಿಗೆ ತಿಳಿಯಾದವು.

ನಾನು ಹುಟ್ಟಿ ಬೆಳೆದದ್ದು ಅದರೊಳಗೆ, ಆದರೂ ಕೂತಲ್ಲಿಂದ ಅರ್ಧ ಎದ್ದುಬಿಟ್ಟೆ. ಹಳದಿ ಬೆಳಕಿನಲ್ಲಿ ಕೋಣೆಗಳೆಲ್ಲ ಒಂದರ ಪಕ್ಕ ಒಂದು, ಅದರೊಳಗೆ ನಮ್ಮ ಜನ ಅಂಗೈಯಷ್ಟೆತ್ತರ. ಲಾದ್ರು ಒಂದೊಂದು ಮನೆ ಬಂದಂತೆ ಹೆಸರು, ಕಾಲ, ಕಟ್ಟಿದವರು, ಯಾರಿಗೆ ಯಾರು ಏನಾಗಬೇಕು ಎಂದೆಲ್ಲ ಹೇಳುತ್ತ ಹೋದ. ಅಷ್ಟು ವಿಷಯ ಅವನಿಗೆ ಹೇಗೆ ಗೊತ್ತೆಂದು ನನಗೆ ಕಸಿವಿಸಿಯಾಯಿತು. ವಕೀಲರ ಮನೆಯ ರೇಷ್ಮೆ ಪಂಕ್ತಿ ಕಂಡಾಗ ದೋಣಿಯವರು ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಅನ್ನ ಕಲೆಸದೆ ಬರೀ ಕೈ ಬಾಯಿಗೆ ಒಯ್ಯುತ್ತಿದ್ದಾರೆ ಎಂದು ಟೀಚರಿಗೆ ಹೇಳಬೇಕೆನ್ನಿಸಿ ನಾಲಿಗೆ ಕಚ್ಚಿಕೊಂಡೆ. ಮುಂದಿನದು ನಮ್ಮದು. ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಪಡಿಸಿಕೊಂಡು, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡೆ.

ಆಗ ಲಾದ್ರು ಚುಕ್ಕಾಣಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕಾಲ ಬುಡದಿಂದ ದೊಡ್ಡ ಫ್ಲಾಸ್ಕು ಎತ್ತಿದ. "ಇನ್ನು ಎರಡು ನಿಮಿಷ ನೋಡುವಂಥದ್ದೇನಿಲ್ಲ. ಟೀ ಕುಡಿದುಬಿಡಿ. ಮುಂದಿನ ಮನೆಯಲ್ಲಿ ಪಗಡೆ ಉಂಟು, ಅದು ಚೆನ್ನಾಗಿರ್ತದೆ" ಎಂದ.

ಲೋಟಗಳು ಕೈಯಿಂದ ಕೈಗೆ ಬಂದವು. ಜೊತೆಗೆ ಖಾರದ ಕಡಲೆಬೀಜದ ಪೊಟ್ಟಣ. ಹದಿಮೂರು ಜನ ನಮ್ಮ ಮನೆಗೆ ಬೆನ್ನು ಹಾಕಿ ಸಕ್ಕರೆ ಹೆಚ್ಚಾಯಿತು ಕಡಿಮೆಯಾಯಿತು ಎಂದು ಮಾತಿಗೆ ತೊಡಗಿದರು. ನಾನು ಪರಸ್ಥಳದವನ ದನಿ ಮಾಡಿಕೊಂಡು, ಆ ಮನೆ ಯಾರದು, ಅದರಲ್ಲಿ ಯಾಕೆ ಏನೂ ಇಲ್ಲ ಎಂದು ಕೇಳಿದೆ. ಲಾದ್ರು ಟೀ ಬಗ್ಗಿಸುತ್ತಲೇ ಹೇಳಿದ: ಅದು ಪಡಿವಾಳರ ಮನೆ, ಅಲ್ಲೊಬ್ಬರು ಪುಸ್ತಕ ಹಿಡಿದುಕೊಂಡು ಕೂರುತ್ತಾರೆ, ಹತ್ತೊಂಬತ್ತು ವರ್ಷದಿಂದ ಅದೇ ಪುಟ. ಟೀ ಕೊಡಲಿಕ್ಕೆ ಎಲ್ಲಾದರೂ ಒಂದು ಜಾಗ ಬೇಕಲ್ಲ, ಅಪ್ಪನ ಕಾಲದಿಂದಲೂ ಇಲ್ಲೇ ಕೊಡುವುದು. ಅವರು ಬಹಳ ನಂಬಿಕಸ್ತರು, ಒಂದು ದಿನವೂ ಏನೂ ಮಾಡುವುದಿಲ್ಲ.

ನನ್ನ ಲೋಟದ ಟೀಯನ್ನು ಎರಡೇ ಗುಟುಕಿಗೆ ಮುಗಿಸಿದೆ. ವಕೀಲರ ಕೈವಾಡ, ಸಮಿತಿಯ ರಾಜಕೀಯ, ಫಲಕ ಬಾರದ್ದಕ್ಕೆ ನಾನು ವರ್ಷಾವರ್ಷ ಕಂಡುಹಿಡಿದ ಕಾರಣಗಳೆಲ್ಲ ಆ ಎರಡು ಗುಟುಕು ಟೀಯಲ್ಲಿ ಮುಳುಗಿಹೋದವು. ದೋಣಿಯಿಂದ ಇಳಿಯೋಣವೆಂದರೆ ಸುತ್ತಲೂ ನೀರು, ನನಗೆ ಈಜು ಬರುವುದಿಲ್ಲ.

ಟೀಚರಮ್ಮ ಮಾತ್ರ ದುರ್ಬೀನು ಇಳಿಸಿರಲಿಲ್ಲ. "ಅಲ್ಲ, ಅಲ್ಲೇನೋ ನಡೀತೈತಿ ನೋಡ್ರಿ" ಎಂದಳು.

ನೋಡಿದೆ. ವೀಣೆ ಮೂಲೆಯಲ್ಲಿ ಗೋಡೆಗೆ ಒರಗಿತ್ತು. ಚಾಪೆ ಖಾಲಿ. ನನ್ನ ಬೀಟೆ ಮರದ ಕುರ್ಚಿಯಲ್ಲಿ ವಿಮಲಾವತಿ ಕೂತಿದ್ದಳು. ನನ್ನ ಹಳೆಯ ಕನ್ನಡಕ ಮೂಗಿನ ತುದಿಗೆ ಇಳಿದಿತ್ತು, ತೊಡೆಯ ಮೇಲೆ ಉಪ್ಪಿನ ಸುಂಕದ ನಿಯಮಾವಳಿ. ಗದ್ದ ಮೇಲೆತ್ತಿದಳು. ಮೂರು ಬೆರಳನ್ನು ಕಪೋಲಕ್ಕೆ ಹಚ್ಚಿ, ಏನೋ ಹೊಳೆಯಿತೆಂಬಂತೆ ಸೂರು ನೋಡಿದಳು. ಹೊಳೆದದ್ದು ಮರೆತುಹೋಯಿತೆಂಬಂತೆ ಹುಬ್ಬು ಗಂಟಿಕ್ಕಿದಳು. ಬೆರಳು ನೆಕ್ಕಿ ಪುಟ ತಿರುಗಿಸಹೋಗಿ, ಬೇಡವೆನ್ನಿಸಿ, ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಮುಖ ಕದಲಿಸದೆ, ಬಾಯಿಯ ಒಂದು ಕೊನೆಯನ್ನಷ್ಟೇ ಸೊಟ್ಟ ಮಾಡಿ ಖಾಲಿ ಚಾಪೆಯ ಕಡೆಗೆ ಬೈದಳು. ಏನೆಂದು ಬೈದಳೆಂದು ನನಗೊಬ್ಬನಿಗೇ ಗೊತ್ತು.

ದೋಣಿ ನಗೆಯಲ್ಲಿ ಅಲುಗಾಡಿತು. ಯಾರೋ ಟೀ ಚೆಲ್ಲಿಕೊಂಡರು. ಲಾದ್ರು ಹಾಯಿ ಸಡಿಲಿಸಿ ದೋಣಿಯನ್ನು ಅಲ್ಲೇ ತೇಲಲು ಬಿಟ್ಟ, ಅವನೂ ಹೊಟ್ಟೆ ಹಿಡಿದುಕೊಂಡಿದ್ದ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಟೋಪಿಯವನು, ಅಂದರೆ ನಾನು. ಆ ನಗು ನನ್ನನ್ನು ಕೇಳಿ ಬರಲಿಲ್ಲ. ಅವಳು ಮಾಡಿದ್ದರಲ್ಲಿ ಒಂದು ಗೆರೆಯೂ ಹೆಚ್ಚಿರಲಿಲ್ಲ, ನಾನು ಇರುವುದೇ ಹಾಗೆ. ಹತ್ತೊಂಬತ್ತು ವರ್ಷ ತಲೆ ತಗ್ಗಿಸಿ ವೀಣೆ ನೋಡುತ್ತಿದ್ದಾಳೆ ಅಂದುಕೊಂಡಿದ್ದೆ, ಅವಳು ನೋಡುತ್ತಿದ್ದದ್ದು ನನ್ನನ್ನು.

ಆಮೇಲೆ ಅವಳು ಕನ್ನಡಕ ಮಡಿಸಿ ಪುಸ್ತಕದ ಮೇಲಿಟ್ಟು ಕುರ್ಚಿಯಿಂದ ಎದ್ದಳು. ಚಾಪೆಗೆ ಬಂದು ತನ್ನ ಜಾಗದಲ್ಲಿ ಕಾಲು ಚಾಚಿಕೊಂಡು ಕೂತಳು. ಖಾಲಿ ಕುರ್ಚಿಯನ್ನು ನೋಡಿ ಮಾತಾಡತೊಡಗಿದಳು. ಇದು ಅಣಕವಲ್ಲವೆಂದು ದೋಣಿಯವರಿಗೂ ಗೊತ್ತಾಗಿ ನಗು ನಿಂತಿತು. ಬಹಳ ಮಾತಾಡಿದಳು. ಕೈ ಆಡಿಸುತ್ತ, ನಡುವೆ ಬೆರಳು ಮಡಿಸಿ ಎಣಿಸುತ್ತ, ಒಮ್ಮೆ ನಗುತ್ತ. ಅವಳ ಕೈ ಅಷ್ಟೊಂದು ಆಡುವುದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಕೊನೆಗೆ ಏನೋ ಒಂದನ್ನು ಕೇಳಿ, ತಲೆ ಓರೆ ಮಾಡಿ ಕುರ್ಚಿಯ ಉತ್ತರಕ್ಕೆ ಕಾದಳು. ಕುರ್ಚಿ ಏನೂ ಹೇಳಲಿಲ್ಲ. ಅವಳು ಅಂಗೈಯಿಂದ ಕಣ್ಣೊರೆಸಿಕೊಂಡು ಒಳಗೆದ್ದು ಹೋದಳು.

ಅದು ಯಾರ ಹತ್ತಿರ ಮಾತಾಡಿದ್ದೆಂದು ಟೀಚರಮ್ಮ ಲಾದ್ರುವನ್ನು ಕೇಳಿದಳು. ಅಲ್ಲಿ ಕೂರುವವರು ಇವತ್ತು ಇಲ್ಲ ಎಂದಷ್ಟೇ ಹೇಳಿ ಅವನು ಹಾಯಿ ಬಿಗಿದ. ಪಗಡೆಯ ಮನೆ ಬಂತು, ಕಂಪೌಂಡರ ಹೆಂಡತಿ ಗೆದ್ದಳು. ಯಾರೂ ಅದನ್ನು ಸರಿಯಾಗಿ ನೋಡಲಿಲ್ಲ. ನನಗೆ ಕಪ್ಪು ಕನ್ನಡಕ ಇದ್ದದ್ದು ಒಳ್ಳೆಯದಾಯಿತು. ಅಷ್ಟು ಹತ್ತಿರ ಕೂತ ಹೆಂಗಸಿನ ಒಂದು ಮಾತನ್ನೂ ಕೇಳದೆ ಇಷ್ಟು ವರ್ಷ ಕಳೆದ ನನ್ನ ಬಗ್ಗೆ ನಾಚಿಕೆಯಾಗಿ, ಅವಳ ಬಗ್ಗೆ ಸಂಕಟವಾಗಿ ನಾನು ಅಳುತ್ತಿದ್ದೆ. ಸೂರ್ಯ ಮುಳುಗಿದ, ಗೋಡೆಗಳು ಗೋಡೆಗಳಾದವು. ಧಕ್ಕೆಯಲ್ಲಿ ಇಳಿಯುವಾಗ ಲಾದ್ರು ನನ್ನ ಮೊಣಕೈ ಹಿಡಿದು, "ಮೆಟ್ಟಿಲು ಜಾರ್ತದೆ, ಪಡಿವಾಳರೇ" ಎಂದ.

ದಾರಿಯುದ್ದಕ್ಕೂ ಒಂದು ಮಾತು ಜೋಡಿಸಿಕೊಂಡೆ. ನೋಡಿದೆ, ವಿಚಾರ ಮಾಡಿದೆ, ನಿನ್ನ ಇಚ್ಛೆಗೆ ಒಪ್ಪಿದ್ದೇನೆ ಎಂದು ಆರಂಭಿಸಿ, ಅಜ್ಜನ ನೆನಪನ್ನು ಮಧ್ಯದಲ್ಲಿ ತಂದು, ಒಳಕೇರಿಯಲ್ಲೂ ಒಂದು ಮರ್ಯಾದೆಯ ಬದುಕು ಸಾಧ್ಯ ಎಂದು ಮುಗಿಸುವುದು. ತ್ಯಾಗ ಮಾಡುವವನಿಗೂ ಒಂದು ಗತ್ತು ಬೇಕಲ್ಲ. ಮನೆ ಹೊಕ್ಕಾಗ ವಿಮಲಾವತಿ ಅಡುಗೆಮನೆಯಲ್ಲಿ ಬಟಾಣಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಜೋಡಿಸಿದ್ದೆಲ್ಲ ಒಗ್ಗರಣೆಯ ಘಾಟಿಗೆ ಕೆಮ್ಮಾಗಿ ಹೋಯಿತು. ಕೆಮ್ಮು ನಿಂತ ಮೇಲೆ ಬಾಯಿಂದ ಬಂದದ್ದು, ನೀನು ಕುರ್ಚಿಗೆ ಏನು ಹೇಳುತ್ತಿದ್ದೆ ಎಂಬ ಪ್ರಶ್ನೆ ಮಾತ್ರ.

ಅವಳು ತಿರುಗಿ ನೋಡಿದಳು. ಅಲ್ಲಿಗೆ ಚೆನ್ನಾಗಿ ಕಾಣಿಸಿತೇ ಎಂದು ಕೇಳಿದಳು. ಎಲ್ಲರೂ ಲೋಟ ಕೆಳಗಿಟ್ಟು ನೋಡಿದರು, ದೋಣಿ ನಿಲ್ಲಿಸಿ ನೋಡಿದರು ಎಂದು ಹೇಳಿದೆ. ಅವಳ ಮುಖ ಹುಡುಗಿಯ ಮುಖದಂತೆ ಕೆಂಪಾಯಿತು. ಆಮೇಲೆ ಸಾರಿನ ಕಡೆ ತಿರುಗಿಕೊಂಡು ಹೇಳಿದಳು.

"ನಾನು ಒಳಕೇರಿ ಮನೆಯವರಿಗೆ ಮೊನ್ನೇನೇ ಆಯ್ತು ಅಂತ ಹೇಳಿ ಬಂದಿದ್ದೀನಿ. ನಾಳಿದ್ದು ಹೋಗೋದು. ನಿಮ್ಮನ್ನ ಎದುರಿಗೆ ಕೂರಿಸಿಕೊಂಡು ಹೇಳೋ ಧೈರ್ಯ ಇರಲಿಲ್ಲ, ಕುರ್ಚಿಗೆ ಹೇಳಿದೆ. ನೀವು ಬರ್ತೀರಾ ಅಂತ ಅದನ್ನೇ ಕೇಳಿದ್ದು."

ಬರುತ್ತೇನೆ ಎಂದೆ. ಅಜ್ಜನೂ ನೆನಪಾಗಲಿಲ್ಲ, ಮರ್ಯಾದೆಯೂ ನೆನಪಾಗಲಿಲ್ಲ. ಅವಳು ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ಸಂತೋಷಪಡುತ್ತಾಳೆಂದು ಕಾದೆ. ಅವಳ ಮುಖದಲ್ಲಿ ಕಂಡದ್ದು ಗಾಬರಿ.

"ಅಯ್ಯೋ, ನಾನು ಒಂದೇ ಕೋಣೆ ಸಾಕು ಅಂದಿದ್ದೀನಲ್ರೀ" ಎಂದಳು. "ಪಕ್ಕದ್ದೂ ಖಾಲಿ ಇತ್ತು. ಬೇಡ ಅಂದೆ. ನೀವು ಬರಲ್ಲ ಅಂತ್ಲೇ ಅಂದ್ಕೊಂಡಿದ್ದೆ. ಬೆಳಿಗ್ಗೆ ಹೋಗಿ ಕೇಳ್ತೀನಿ, ಇನ್ನೂ ಯಾರಿಗೂ ಕೊಟ್ಟಿರದಿದ್ರೆ ಸರಿ."

ದೋಣಿಯಲ್ಲಿ ಲಾದ್ರು ಹೇಳಿದ್ದು ಇಷ್ಟು ನೋಯಿಸಿರಲಿಲ್ಲ. ನನ್ನ ಜೊತೆ ಇಷ್ಟು ವರ್ಷ ಬಾಳಿದವಳು, ಕೋಪವಿಲ್ಲದೆ, ಯೋಚನೆ ಮಾಡಿ, ನಾನಿಲ್ಲದ ಮನೆಗೆ ಅಳತೆ ಕೊಟ್ಟು ಬಂದಿದ್ದಳು. ಬೆಳಗಿನತನಕ ಕಾಯುವುದು ಬೇಡ, ಈಗಲೇ ಹೋಗಿ ಕೇಳಿ ಬರುತ್ತೇನೆ ಎಂದು ಚಪ್ಪಲಿ ಮೆಟ್ಟಿ ಹೊರಗೆ ಬಿದ್ದೆ. ಮೈಮೇಲೆ ಅದೇ ಹೂವಿನ ಅಂಗಿ. ಬೀದಿಯ ಜನ ನಿಂತು ನೋಡಿದರು, ನೋಡಿಕೊಳ್ಳಲಿ ಎಂದುಕೊಂಡೆ. ಬೀಸುಗಾಲಲ್ಲಿ ನಡೆದು ಬೀದಿಯ ಮೂಲೆಗೆ ಬಂದು, ಎಡಕ್ಕೆ ತಿರುಗಬೇಕೋ ಬಲಕ್ಕೋ ಎಂದು ನಿಂತಾಗ ತಿಳಿಯಿತು. ಆ ಮನೆ ಒಳಕೇರಿಯಲ್ಲಿ ಎಲ್ಲಿದೆ, ಯಾರದು ಎಂದು ನಾನು ಅವಳನ್ನು ಕೇಳಿಯೇ ಇರಲಿಲ್ಲ. ಹಿಂತಿರುಗಿ ನೋಡಿದೆ. ವಿಮಲಾವತಿ ಬಾಗಿಲಿಗೆ ಬಂದು ನಿಂತಿದ್ದಳು. ಕೈಯಲ್ಲಿದ್ದ ಸೌಟಿನಿಂದ ಎಡಕ್ಕೆ ತೋರಿಸಿದಳು. ಅದೂ ಸಾಲದೆಂದು, ಒಲೆ ಆರಿಸಿ, ಬಾಗಿಲು ಎಳೆದುಕೊಂಡು, ದಾರಿ ತೋರಿಸಲು ತಾನೇ ಹಿಂದೆ ಬಂದಳು.